ಪತ್ತಿಕೊಂಡದ ಬಾವಿ: ಥಾಮಸ್ ಮನ್ರೋ ಎಂಬ ಕಲೆಕ್ಟರನ ಬದುಕು

ಶಾಸನಗಳ ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆಯೊಂದಿದೆ. ಕೆರೆ ಕಟ್ಟಿಸಿದವನ ಹೆಸರು, ಅದಕ್ಕೆ ಬಿಟ್ಟ ಭೂಮಿಯ ಎಲ್ಲೆ, ದಾನವನ್ನು ಅಳಿದವನಿಗೆ ತಟ್ಟುವ ಪಾಪ ಇವೆಲ್ಲವೂ ಕಲ್ಲಿನ ಮೇಲೆ ಸ್ಪಷ್ಟವಾಗಿವೆ. ಆದರೆ ಐವತ್ತು ವರ್ಷಗಳ ಮೇಲೆ ಆ ಕೆರೆಯ ಏರಿ ಒಡೆದಾಗ ಮಣ್ಣು ಹೊತ್ತವರು ಯಾರು, ಅವರಿಗೆ ಕೂಲಿ ಎಲ್ಲಿಂದ ಬಂತು? ಉತ್ತರ ಶಾಸನಗಳ ಪದಗಳಲ್ಲೇ ಇದೆ. ಬಿತ್ತುವಟ್ಟವೆಂದರೆ ಕೆರೆಯ ಉಳಿವಿಗಾಗಿ ಅದರ ಕೆಳಗಿನ ಗದ್ದೆಯಲ್ಲೇ ತೆಗೆದಿರಿಸಿದ ಪಾಲು. ಕಟ್ಟುಕೊಡಗೆಯೆಂದರೆ ಕೆರೆಯನ್ನು ಕಟ್ಟಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಕೊಟ್ಟ ಮಾನ್ಯದ ಭೂಮಿ. ದಶವಂದದಲ್ಲಿ ಹತ್ತರಲ್ಲೊಂದು ಎಂಬ ಲೆಕ್ಕ ಹೆಸರಿನಲ್ಲೇ ಅಡಗಿದೆ. ನಮ್ಮ ಹಿರಿಯರಿಗೆ ಧರ್ಮಕಾರ್ಯವೆಂಬುದು ಒಮ್ಮೆ ಕೈಯೆತ್ತಿ ಕೊಟ್ಟು ಮರೆಯುವ ಸಂಗತಿಯಾಗಿರಲಿಲ್ಲ. ವರ್ಷವರ್ಷವೂ ಅದಕ್ಕೆ ಹಣ ಹುಟ್ಟಬೇಕಾದ ದಾರಿಯನ್ನೂ ಅವರು ಅದರೊಡನೆಯೇ ಕಟ್ಟುತ್ತಿದ್ದರು.

ಆ ದಾರಿಗಳೆಲ್ಲ ಒಂದು ದಿನ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಬಂದು ಸೇರಿದವು. ಇಂದಿನ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಅಂದರೆ ಆದವಾನಿ, ಆಲೂರು, ಪತ್ತಿಕೊಂಡಗಳ ಸೀಮೆಯಲ್ಲಿ, ಆ ಪುಸ್ತಕವನ್ನು ಮೊದಲು ತೆರೆದವನು ಥಾಮಸ್ ಮನ್ರೋ. ಇತಿಹಾಸದ ವಿದ್ಯಾರ್ಥಿಗಳು ಅವನನ್ನು ರೈತವಾರಿ ಪದ್ಧತಿಯ ಹೆಸರಿನೊಡನೆ ಬಲ್ಲರು. ಕನ್ನಡದ ವಿದ್ಯಾರ್ಥಿಗಳು ಬಲ್ಲದ್ದು ಕಡಮೆ. ಆದರೆ ಅವನ ಕಾಲದ ಒಂದು ಕಾಗದ ಕನ್ನಡ ಶಾಲೆಗಳ ಚರಿತ್ರೆಗೆ ಅತ್ಯಂತ ಬೆಲೆಯುಳ್ಳದ್ದು. ಅದಕ್ಕಾಗಿಯೇ ಈ ಬರಹ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದ ವರ್ತಕ. ಬಾಲ್ಯದ ಕಾಯಿಲೆಯೊಂದು ಹುಡುಗನ ಕಿವಿಯನ್ನು ಮಂದಗೊಳಿಸಿತು. ಆ ಮಂದತೆ ಕೊನೆಯವರೆಗೂ ಉಳಿಯಿತು. ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿ, ವರ್ತಕರ ಕಚೇರಿಯೊಂದರಲ್ಲಿ ಲೆಕ್ಕ ಬರೆಯಲು ಕುಳಿತನು. ಅಷ್ಟರಲ್ಲಿ ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಯುದ್ಧಕ್ಕೆ ನಿಂತವು, ತಂದೆಯ ವ್ಯಾಪಾರ ಮುಳುಗಿತು. ಮನೆಯ ಸಾಲ ಮಗನನ್ನು ಹಡಗು ಹತ್ತಿಸಿತು. 1780ರ ಜನವರಿಯಲ್ಲಿ ಅವನು ಕಂಪನಿಯ ಪದಾತಿದಳದ ಕಿರಿಯ ಸೈನಿಕ ಉಮೇದುವಾರನಾಗಿ ಮದರಾಸಿಗೆ ಬಂದಿಳಿದನು. ಅದೇ ವರ್ಷ ಹೈದರಾಲಿ ಕರ್ನಾಟಕದ ಬಯಲಿಗಿಳಿದನು. ಹೀಗೆ ಮನ್ರೋ ಈ ನಾಡನ್ನು ಮೊದಲು ಕಂಡದ್ದು ಯುದ್ಧದ ನಡುವೆ.

ಮುಂದಿನ ಹನ್ನೆರಡು ವರ್ಷಗಳಲ್ಲಿ ಅವನು ಪಾರಸಿ ಮತ್ತು ಹಿಂದೂಸ್ತಾನಿಗಳನ್ನು ಶ್ರದ್ಧೆಯಿಂದ ಕಲಿತನು. 1792ರಲ್ಲಿ ಟಿಪ್ಪುವಿನಿಂದ ಕಂಪನಿಗೆ ಬಾರಾಮಹಲ್ ಸೀಮೆ ದಕ್ಕಿದಾಗ, ಅಲೆಗ್ಸಾಂಡರ್ ರೀಡ್ ಎಂಬ ಹಿರಿಯ ಅಧಿಕಾರಿಯ ಕೈಕೆಳಗೆ ಅಲ್ಲಿನ ಕಂದಾಯದ ಕೆಲಸಕ್ಕೆ ಸೇರಿದನು. ಕತ್ತಿ ಹಿಡಿದವನು ಲೆಕ್ಕಣಿಕೆ ಹಿಡಿದದ್ದು ಇಲ್ಲಿ. ಜಮೀನ್ದಾರನಾಗಲಿ ಗುತ್ತಿಗೆದಾರನಾಗಲಿ ನಡುವೆ ನಿಲ್ಲದೆ ಸರ್ಕಾರವು ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯವನ್ನು ಗೊತ್ತುಮಾಡಬೇಕೆಂಬ ಆಲೋಚನೆ ಅವನಲ್ಲಿ ಬೇರೂರಿದ್ದೂ ಇಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾಕ್ಕೆ ಕಲೆಕ್ಟರನಾಗಿ ಹೋದನು. ಕರಾವಳಿಯ ಮಳೆ ಅವನಿಗೆ ಹಿಡಿಸಲಿಲ್ಲ. ಒಂದೂವರೆ ವರ್ಷದೊಳಗೆ ಬಯಲುಸೀಮೆಗೆ ಬಂದನು. ಮಳೆ ಬೇಡವೆಂದವನಿಗೆ ಮಳೆಯೇ ಬಾರದ ನಾಡು ಸಿಕ್ಕಿತು.

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ತನ್ನ ರಕ್ಷಣೆಗೆ ನಿಂತ ಕಂಪನಿಯ ಸೈನ್ಯದ ವೆಚ್ಚಕ್ಕೆ ಬದಲಾಗಿ ತುಂಗಭದ್ರೆಯ ದಕ್ಷಿಣದ ಭೂಭಾಗವನ್ನು ಬಿಟ್ಟುಕೊಟ್ಟನು. ಇಂಗ್ಲಿಷಿನಲ್ಲಿ ಸೀಡೆಡ್ ಜಿಲ್ಲೆಗಳೆಂದೂ ತೆಲುಗಿನಲ್ಲಿ ದತ್ತಮಂಡಲವೆಂದೂ ಕರೆಯಿಸಿಕೊಂಡ ಪ್ರದೇಶ ಇದು. ಬಿಟ್ಟುಕೊಟ್ಟ ನಾಡು ಎಂಬ ಹೆಸರು ಅಲ್ಲಿನವರಿಗೇ ಅವಮಾನವೆನಿಸಿ, 1928ರಲ್ಲಿ ನಂದ್ಯಾಲದ ಸಭೆಯೊಂದರಲ್ಲಿ ರಾಯಲಸೀಮೆ ಎಂದು ಬದಲಾಯಿತು. ಬಳ್ಳಾರಿ, ಅನಂತಪುರ, ಕಡಪಾ, ಆದವಾನಿ ಎಲ್ಲವೂ ಇದರೊಳಗೆ ಸೇರಿದ್ದವು. ಮನ್ರೋ ಇದರ ಪ್ರಧಾನ ಕಲೆಕ್ಟರನಾದನು. ಕೈಕೆಳಗೆ ನಾಲ್ವರು ಸಹಾಯಕರು. ಅವರಲ್ಲೊಬ್ಬನು ವಿಲಿಯಂ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ದೊಡ್ಡಪ್ಪ. ಇವನ ತಮ್ಮನಾದ ಸೇಂಟ್ ಜಾನ್ ಥ್ಯಾಕರೆಯೇ 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್. ಚೆನ್ನಮ್ಮನ ಪಾಠ ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮನ್ರೋ ಕೈಗೆ ಬಂದ ನಾಡು ಹಲವು ದಶಕಗಳ ಯುದ್ಧದಲ್ಲಿ ನಲುಗಿತ್ತು. ಸುಮಾರು ಎಂಬತ್ತು ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ಸುತ್ತಲಿನ ಹಳ್ಳಿಗಳಿಂದ ಕಪ್ಪ ಎತ್ತುತ್ತಿದ್ದರು. ಅವರ ಬಲವನ್ನು ಮುರಿಯುವುದೇ ಅವನ ಮೊದಲ ಕೆಲಸವಾಯಿತು. ಕೆಲವರನ್ನು ನಾಡಿನಿಂದ ಹೊರಗೆ ಕಳುಹಿಸಿದನು, ಕೆಲವರಿಗೆ ವಿಶ್ರಾಂತಿವೇತನ ಕಟ್ಟಿದನು. ಈ ಕಾಠಿಣ್ಯವನ್ನು ಲಂಡನ್ನಿನ ನಿರ್ದೇಶಕರೇ ಆಕ್ಷೇಪಿಸಿದರು. ಆದವಾನಿ ಸೀಮೆಯ ತೆರ್ನೇಕಲ್ ಎಂಬ ಹಳ್ಳಿಯವರು 1801ರಲ್ಲಿ ಕಂದಾಯ ಕೊಡಲು ನಿರಾಕರಿಸಿ ತಮ್ಮ ಕೋಟೆಯ ಬಾಗಿಲು ಮುಚ್ಚಿದರು. ಕಂಪನಿಯ ಸೈನ್ಯದ ಮೊದಲ ದಾಳಿಯನ್ನು ಹಿಮ್ಮೆಟ್ಟಿಸಿದರು. ಫಿರಂಗಿಗಳು ಬಂದ ಮೇಲೆ ಸೋತರು. ಮನ್ರೋವಿನ ಬದುಕನ್ನು ಹೇಳುವವರು ಈ ಹಳ್ಳಿಯನ್ನು ಬಿಟ್ಟು ಮುಂದೆ ಹೋಗಬಾರದು. ಪಾಳೆಯಗಾರರು ಸಜ್ಜನರೆಂದು ನಾನು ಹೇಳುತ್ತಿಲ್ಲ. ಆದರೆ ಗುಡಿಗೆ ದೀಪ, ದಾರಿಹೋಕರಿಗೆ ಅನ್ನ, ಕೆರೆಗೆ ಮಣ್ಣು ಇವು ಆಗುತ್ತಿದ್ದುದು ಅಂಥ ಸ್ಥಳೀಯ ಒಡೆಯರ ಕೈಯಿಂದ. ಒಡೆಯರನ್ನು ತೆಗೆದ ಮೇಲೆ ಆ ಕೆಲಸಗಳ ಹೊಣೆ ಯಾರದು? ಈ ಪ್ರಶ್ನೆ ಮನ್ರೋವನ್ನು ಇಪ್ಪತ್ತೇಳು ವರ್ಷ ಹಿಂಬಾಲಿಸಿತು.

ಅವನು ಡೇರೆಯಲ್ಲಿ ಬದುಕಿದ ಕಲೆಕ್ಟರ್. ಊರಿಂದೂರಿಗೆ ತಿರುಗುತ್ತ, ರೈತರನ್ನು ಎದುರಿಗೆ ಕೂರಿಸಿಕೊಂಡು ಜಮಾಬಂದಿ ನಡೆಸುತ್ತಿದ್ದನು. 1802ರಲ್ಲಿ ಭೂಮಾಪನ ಆರಂಭವಾದಾಗ ಆ ಕೆಲಸ ಬಲ್ಲ ಗುಮಾಸ್ತರು ನಾಲ್ವರೇ ಇದ್ದರು. ಇವರಿಂದ ಕಲಿತವರು ಸೇರಿ ಸಂಖ್ಯೆ ನೂರಕ್ಕೆ ಏರಿತು. ಮೂವತ್ತಮೂರು ಅಡಿಯ ಸರಪಳಿ, ಅದರ ಚದರ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನಿಮ್ಮ ಮನೆಯ ಪಹಣಿ ಪತ್ರದಲ್ಲಿರುವ ಎಕರೆ-ಗುಂಟೆಗಳ ಲೆಕ್ಕ ಇದೇ. ನಾಲ್ಕು ವರ್ಷದೊಳಗೆ ಆ ವಿಸ್ತಾರವಾದ ನಾಡಿನ ಹೊಲಗಳನ್ನೆಲ್ಲ ಅಳೆದು ಮುಗಿಸಿದರು. ಪಾಳುಬಿದ್ದ ನೆಲವನ್ನು ಹಿಡಿದವರಿಗೆ ಮೊದಲ ವರ್ಷಗಳಲ್ಲಿ ಕಡಮೆ ಕಂದಾಯದ ಕೌಲು. ಎತ್ತು, ಬೀಜ, ಬಾವಿಯ ದುರಸ್ತಿಗಾಗಿ ತಕಾವಿ ಸಾಲ. ಊರುಬಿಟ್ಟವರು ಮರಳಿ ಬಂದರು. ಏಳು ವರ್ಷಗಳಲ್ಲಿ ಸರ್ಕಾರದ ಹುಟ್ಟುವಳಿ ಸುಮಾರು ಒಂದೂವರೆ ಪಟ್ಟಿಗೆ ಏರಿತು.

ಈ ಏರಿಕೆಯನ್ನು ಕಂಪನಿ ಕೊಂಡಾಡಿತು. ಅದನ್ನು ಅನುಮಾನದಿಂದ ನೋಡಿದವನು ಮನ್ರೋ. 1807ರ ಆಗಸ್ಟಿನಲ್ಲಿ, ಊರಿಗೆ ಹೊರಡುವ ಮುನ್ನ, ಅವನು ಬರೆದ ವರದಿಯ ಸಾರ ಹೀಗಿದೆ: ತಾನೇ ಅಳೆದು ನಿಗದಿ ಮಾಡಿದ ಕಂದಾಯ ಅತಿಯಾಗಿದೆ, ಅದನ್ನು ಎಲ್ಲ ಭೂಮಿಗಳ ಮೇಲೂ ನೂರಕ್ಕೆ ಇಪ್ಪತ್ತೈದರಷ್ಟು ಇಳಿಸಬೇಕು. ಬಾವಿಯಿಂದ, ಹೊಳೆ-ಹಳ್ಳದಿಂದ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ ಎಂಟು, ಒಟ್ಟು ಮೂವತ್ತಮೂರು ಬಿಡಬೇಕು. ಆದರೆ ಆ ಬಾವಿಗಳ ದುರಸ್ತಿಯನ್ನು ರೈತರೇ ತಮ್ಮ ಖರ್ಚಿನಲ್ಲಿ ಮಾಡಿಕೊಳ್ಳತಕ್ಕದ್ದು. ಸಣ್ಣ ಕೆರೆಗಳ ಕೆಳಗಿನ ರೈತರು ಅಂಥದೇ ಹೊಣೆಗೆ ಒಪ್ಪಿದರೆ ಅವರಿಗೂ ಅದೇ ರಿಯಾಯಿತಿ.

ಈ ಎಂಟು ಎಂಬ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ಸರ್ಕಾರ ಹಣ ಕೂಡಿಟ್ಟು, ಕಚೇರಿಯಿಂದ ಮಂಜೂರು ಮಾಡಿ, ಗುತ್ತಿಗೆ ಕೊಟ್ಟು ಬಾವಿ ಕಟ್ಟಿಸುವುದು ಒಂದು ದಾರಿ. ಹಣವನ್ನು ಮೊದಲೇ ಎತ್ತದೆ, ನೀರು ಬಳಸುವವನ ಕೈಯಲ್ಲೇ ಬಿಟ್ಟು, ಬಾವಿಯನ್ನು ನೀನೇ ನೋಡಿಕೋ ಎನ್ನುವುದು ಇನ್ನೊಂದು ದಾರಿ. ಶಾಸನಗಳ ಕಟ್ಟುಕೊಡಗೆ, ದಶವಂದಗಳು ಎರಡನೆಯ ದಾರಿಯವು. ಗ್ಲಾಸ್ಗೋದ ವರ್ತಕನ ಮಗ ಲೆಕ್ಕದ ದಾರಿಯಲ್ಲಿ ನಡೆದು ಅದೇ ತಾಣಕ್ಕೆ ಬಂದದ್ದು ನನಗೆ ಆಶ್ಚರ್ಯವೆನಿಸುತ್ತದೆ. ಅವನ ಸೀಮೆಯಲ್ಲಿ ದಶವಂದದ ಇನಾಮುಗಳು ಇನ್ನೂ ಜೀವಂತವಾಗಿದ್ದವು, ಅವನ ಗುಮಾಸ್ತರು ಅವನ್ನು ದಫ್ತರಿಗೆ ಏರಿಸುತ್ತಿದ್ದರು. ಆದ್ದರಿಂದ ಅವನು ಕಂಡು ಕಲಿತನೆಂದರೆ ತಪ್ಪಾಗಲಾರದು. ಆದರೆ ಕಂಪನಿ ಅವನ ಮಾತನ್ನು ಆಗ ಕೇಳಲಿಲ್ಲ. ಅವನು ಹೋದ ಮೇಲೆ ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಟ್ಟಿತು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರಲ್ಲಿ ಬಹುಮಂದಿ ಹಾಳಾದರು, ರೈತರೂ ಹಾಳಾದರು.

ಇನಾಮುಗಳ ಮಾತು ಬಂದಾಗ ಮಂತ್ರಾಲಯದ ಕತೆಯನ್ನು ಬಿಡುವಂತಿಲ್ಲ. ಬಿಜಾಪುರದ ಆದಿಲಶಾಹಿಯ ಪರವಾಗಿ ಆದವಾನಿಯನ್ನಾಳುತ್ತಿದ್ದ ಸಿದ್ದಿ ಮಸೂದ್ ಖಾನನು ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂಬುದು, 1671ರಲ್ಲಿ ರಾಯರು ಅಲ್ಲಿ ವೃಂದಾವನಸ್ಥರಾದರೆಂಬುದು ಎಲ್ಲರಿಗೂ ತಿಳಿದದ್ದು. ಕಂಪನಿಯ ಕಾಲದಲ್ಲಿ ಈ ಮಾನ್ಯವನ್ನು ಸರ್ಕಾರ ಹಿಂತೆಗೆದುಕೊಳ್ಳಬೇಕೇ ಎಂಬ ವಿಚಾರಣೆಗಾಗಿ ಮನ್ರೋ ಮಠಕ್ಕೆ ಬಂದನೆಂದೂ, ಟೋಪಿ ಪಾದರಕ್ಷೆಗಳನ್ನು ಕಳಚಿಟ್ಟು ಒಳಗೆ ಹೋದಾಗ ರಾಯರು ಅವನಿಗೆ ಕಾಣಿಸಿಕೊಂಡು ಮಾತನಾಡಿದರೆಂದೂ, ಹೊರಗೆ ಬಂದವನು ಮಾನ್ಯವನ್ನು ಮುಂದುವರಿಸಿದನೆಂದೂ ಮಠದ ಪರಂಪರೆ ಹೇಳುತ್ತದೆ. ಭಕ್ತರ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ನನ್ನ ಕೆಲಸವಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಇಂಥ ಕತೆ ಇನಾಮು ಹೋದೀತೆಂಬ ಭಯವಿದ್ದ ನಾಡಿನಲ್ಲಿ ಮಾತ್ರ ಬೆಳೆಯುತ್ತದೆ. ಗುಡಿ, ಮಠ, ದರ್ಗಾ, ಛತ್ರ, ಅರವಟ್ಟಿಗೆ ಎಲ್ಲವೂ ಹಳೆಯ ಸನದುಗಳ ಮೇಲೆ ನಿಂತಿದ್ದವು. ಸನದು ಕಳೆದುಹೋದರೆ, ವಾರಸುದಾರನಿಲ್ಲದಿದ್ದರೆ, ಕಲೆಕ್ಟರನ ಒಂದು ಸಾಲಿನಿಂದ ದೀಪ ಆರಬಹುದಿತ್ತು. ಆ ಭಯವನ್ನು ಕತೆ ತನ್ನದೇ ರೀತಿಯಲ್ಲಿ ಪರಿಹರಿಸಿತು. ಸರ್ಕಾರ ಇನಾಮುಗಳಿಗಾಗಿಯೇ ಪ್ರತ್ಯೇಕ ಆಯೋಗವೊಂದನ್ನು ಕೂರಿಸಿದ್ದು ಬಹಳ ತಡವಾಗಿ, 1858ರಲ್ಲಿ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. 1814ರಲ್ಲಿ ಜೇನ್ ಕ್ಯಾಂಪ್ಬೆಲ್ ಎಂಬವಳನ್ನು ವಿವಾಹವಾಗಿ, ನ್ಯಾಯಾಡಳಿತದ ಸುಧಾರಣೆಗೆಂದು ಮತ್ತೆ ಮದರಾಸಿಗೆ ಬಂದನು. 1817-18ರ ಮರಾಠಾ ಯುದ್ಧದಲ್ಲಿ ಸಣ್ಣದೊಂದು ಪಡೆಯೊಡನೆ ಗದಗ, ಬಾದಾಮಿ, ಬೆಳಗಾವಿ, ಸೊಲ್ಲಾಪುರಗಳನ್ನು ಹಿಡಿದನು. ನಾನು ಓದಿದ ಶಾಲೆಯಲ್ಲಿ ಗೋಡೆಯ ಆಚೆ ಮರಾಠಿ ತರಗತಿ, ಈಚೆ ಕನ್ನಡ ತರಗತಿ. ಮಧ್ಯಾಹ್ನದ ಮೇಲೆ ನಾವು ಆಚೆ ಹೋಗುತ್ತಿದ್ದೆವು, ಅವರು ಈಚೆ ಬರುತ್ತಿದ್ದರು. ಆ ಗಡಿಸೀಮೆ ಪೇಶ್ವೆಯ ಕೈಯಿಂದ ಕಂಪನಿಯ ಕೈಗೆ ಹೋದದ್ದು ಇದೇ ಮನ್ರೋವಿನ ದಂಡಯಾತ್ರೆಯಲ್ಲೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

1820ರಲ್ಲಿ ಅವನು ಮದರಾಸಿನ ಗವರ್ನರನಾದನು. ಹದಿಮೂರು ವರ್ಷ ಹಿಂದೆ ತಾನೇ ಬರೆದ ಇಪ್ಪತ್ತೈದರ ಇಳಿಕೆಯನ್ನು ಜಾರಿಗೆ ತರಲು ಈಗ ಅವನಿಗೆ ಅಧಿಕಾರವಿತ್ತು, ತಂದನು. ರೈತವಾರಿ ಮರಳಿ ಬಂತು. ಭಾರತೀಯರನ್ನು ಕೆಳಗಿನ ಹುದ್ದೆಗಳಲ್ಲೇ ಇರಿಸಿ ಅವರಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ವಾದಿಸಿದನು. ಆದರೆ ನಮಗೆ ಮುಖ್ಯವಾದದ್ದು 1822ರ ಬೇಸಗೆಯಲ್ಲಿ ಅವನು ಕೇಳಿದ ಒಂದು ಪ್ರಶ್ನೆ. ಈ ನಾಡಿನ ಶಾಲೆಗಳೆಷ್ಟು, ಅಲ್ಲಿ ಓದುವವರೆಷ್ಟು, ಯಾವ ಜಾತಿಯವರು, ಏನನ್ನು ಓದುತ್ತಾರೆ, ಆ ಶಾಲೆಗಳಿಗೆ ಹಣ ಎಲ್ಲಿಂದ ಬರುತ್ತದೆ? ಅಲ್ಲಿಯವರೆಗೆ ಕಂಪನಿಯ ಆಡಳಿತಕ್ಕೆ ಇದು ಗೊತ್ತಿರಲಿಲ್ಲ; ಹೊಲವನ್ನು ಅಡಿ ಲೆಕ್ಕದಲ್ಲಿ ಅಳೆದಿದ್ದವರು ಮಕ್ಕಳನ್ನು ಎಣಿಸಿರಲಿಲ್ಲ. ಎಲ್ಲ ಜಿಲ್ಲೆಗಳ ಕಲೆಕ್ಟರುಗಳೂ ಉತ್ತರ ಕೊಡಬೇಕೆಂದು ಆಜ್ಞೆಯಾಯಿತು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ ತನ್ನ ಉತ್ತರವನ್ನು 1823ರ ಆಗಸ್ಟ್ 17ರಂದು ಕಳುಹಿಸಿದನು. ಇವನು ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ಆಲೂರುಗಳೂ ಸೇರಿದ್ದವು. ಅವು ಕರ್ನೂಲಿಗೆ ಹೋದದ್ದು 1953ರಲ್ಲಿ ಆಂಧ್ರ ರಾಜ್ಯವಾದಾಗ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಓದುವ ಮಕ್ಕಳು 6,641. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿಲ್ಲ. ಹೆಣ್ಣುಮಕ್ಕಳು ಅರವತ್ತೇ ಅರವತ್ತು. ಇನ್ನು ಭಾಷೆಗಳ ಲೆಕ್ಕ: ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1, ಬ್ರಾಹ್ಮಣರು ಸಂಸ್ಕೃತದಲ್ಲಿ ಶಾಸ್ತ್ರಗಳನ್ನು ಓದುವ ಸ್ಥಳಗಳು 23. ಕೂಡಿಸಿ ನೋಡಿ, ಮೊತ್ತ ಸರಿಯಾಗುತ್ತದೆ. ಗಡಿಯ ಎರಡೂ ಕಡೆಯಲ್ಲಿ ಇಂದು ವಾದಿಸುವವರಿಗೆ ಈ ಪಟ್ಟಿ ಉಪಯುಕ್ತ. ಕನ್ನಡ ಮತ್ತು ತೆಲುಗು ಆ ಜಿಲ್ಲೆಯಲ್ಲಿ ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿ ತೂಗುತ್ತಿದ್ದವು. ಮರಾಠಿಯ ಇಪ್ಪತ್ತಮೂರನ್ನು ಕಂಡು ನನಗೆ ವೈಯಕ್ತಿಕವಾದ ಸಂತೋಷವೂ ಆಯಿತು.

ಶಾಲೆಯ ಒಳಗಿನ ಚಿತ್ರವನ್ನೂ ಕ್ಯಾಂಪ್ಬೆಲ್ ಕೊಡುತ್ತಾನೆ. ಬೆಳಗಿನ ಜಾವ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಾರೆ, ಎರಡನೆಯವನಿಗೆ ಸೊನ್ನೆ, ತಡವಾಗಿ ಬಂದವರಿಗೆ ಬೆತ್ತದ ಏಟು ಒಂದೊಂದಾಗಿ ಹೆಚ್ಚುತ್ತ ಹೋಗುತ್ತದೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಾರೆ. ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಆಮೇಲೆ ಹಲಗೆ, ಓಲೆ, ಕಾಗದ, ಕಡತ. ಕಡತವೆಂದರೆ ಕಪ್ಪು ಬಳಿದು ಬಳಪದಲ್ಲಿ ಬರೆಯುತ್ತಿದ್ದ ಬಟ್ಟೆಯ ಮಡಿಕೆ; ಇಂದು ಸರ್ಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗುವ ಕಡತ ಅದರ ಮೊಮ್ಮಗ. ಎಲ್ಲರೂ ಓದುವ ಪುಸ್ತಕಗಳು ರಾಮಾಯಣ, ಭಾರತ, ಭಾಗವತ. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳು. ಪಂಚಾಳರ ಮಕ್ಕಳಿಗೆ ವಿಶ್ವಕರ್ಮಪುರಾಣ. ಹರಿಹರನ ಕಾವ್ಯವನ್ನು ನೀವು ಪಠ್ಯವಾಗಿ ಓದುವ ಎರಡು ಶತಮಾನಗಳ ಹಿಂದೆ ಆಲೂರಿನ ಅಥವಾ ಆದವಾನಿಯ ಒಬ್ಬ ಹುಡುಗ ಅದನ್ನು ಬಾಯಿಪಾಠ ಮಾಡುತ್ತಿದ್ದಿರಬಹುದು. ಅರ್ಥವಾಗುತ್ತಿತ್ತೆ ಎಂದರೆ, ಇಲ್ಲ ಎನ್ನುತ್ತಾನೆ ಕ್ಯಾಂಪ್ಬೆಲ್. ಕಾವ್ಯದ ಭಾಷೆಗೂ ಆಡುವ ಭಾಷೆಗೂ ಅಷ್ಟು ದೂರ. ನಮ್ಮ ತರಗತಿಯ ಅನುಭವವೂ ಬೇರೆಯೇನಲ್ಲ.

ಹಣದ ವಿಷಯಕ್ಕೆ ಬರೋಣ. ಮರಳಿನ ಮೇಲೆ ಬರೆಯುವ ಹುಡುಗನಿಂದ ತಿಂಗಳಿಗೆ ಕಾಲು ರೂಪಾಯಿ, ಕಾಗದ ಅಥವಾ ಲೆಕ್ಕಕ್ಕೆ ಬಂದವನಿಂದ ಅರ್ಧ ರೂಪಾಯಿ. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳೆಂದರೆ ಐಗಳಿಗೆ ಸಿಗುವುದು ಮೂರರಿಂದ ಆರು ರೂಪಾಯಿ. ನಮ್ಮ ಹಿರಿಯರು ಕೂಲಿಮಠವೆಂದು ಕರೆದದ್ದು ಇದನ್ನೇ. ಐನೂರ ಮೂವತ್ತಮೂರು ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಕಲೆಕ್ಟರ್ ಸ್ಪಷ್ಟವಾಗಿ ಬರೆದನು. ಹಿಂದೆ, ವಿಶೇಷವಾಗಿ ಹಿಂದೂ ಅರಸರ ಕಾಲದಲ್ಲಿ, ವಿದ್ಯೆಗೆ ಹಣವೂ ಭೂಮಿಯೂ ಧಾರಾಳವಾಗಿ ಸಲ್ಲುತ್ತಿದ್ದವೆಂದೂ, ಮೊದಲು ಶಾಲೆಯಿದ್ದ ಹಲವು ಹಳ್ಳಿಗಳಲ್ಲಿ ಈಗ ಅದು ಇಲ್ಲವೆಂದೂ ಸೇರಿಸಿದನು. ಕಾರಣವನ್ನು ಹೇಳುವಾಗ ಅವನು ತನ್ನ ಒಡೆಯರ ಮುಖ ನೋಡಲಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ಬಡವಾದರು. ಸೈನ್ಯಗಳು ದೂರದ ಗಡಿಗೆ ಹೋಗಿ ಧಾನ್ಯಕ್ಕೆ ಗಿರಾಕಿ ತಪ್ಪಿತು. ಮೊದಲು ಈ ನಾಡಿನಲ್ಲೇ ಖರ್ಚಾಗುತ್ತಿದ್ದ ಸಂಪತ್ತು ಈಗ ಹೊರಗೆ ಹೋಗುತ್ತಿದೆ. ಅದರಿಂದ ಬಡತನ, ಬಡತನದಿಂದ ಶಾಲೆ ಮುಚ್ಚುವುದು. ಮಗನ ಕೈಗೆ ಕೆಲಸ ಬಂದೊಡನೆ ತಾಯಿತಂದೆಯರು ಅವನನ್ನು ಶಾಲೆಯಿಂದ ಬಿಡಿಸುತ್ತಾರೆ.

ಈ ವರದಿ ಮನ್ರೋವಿನ ಮೇಜಿಗೆ ಬಂದಾಗ ಅವನಿಗೆ ಏನನ್ನಿಸಿತೋ. ಬಳ್ಳಾರಿಯೆಂದರೆ ಅವನು ಏಳು ವರ್ಷ ಡೇರೆ ಹಾಕಿದ್ದ ನಾಡು. ಕಂದಾಯವನ್ನು ಒಂದೂವರೆ ಪಟ್ಟು ಮಾಡಿದವನು ಅವನೇ, ಅದು ಹೆಚ್ಚಾಯಿತೆಂದವನೂ ಅವನೇ. ಎಲ್ಲ ಜಿಲ್ಲೆಗಳ ಉತ್ತರ ಸೇರುವ ಹೊತ್ತಿಗೆ 1826 ಬಂತು. ಇಡೀ ಮದರಾಸ್ ಪ್ರಾಂತದಲ್ಲಿ 12,498 ಶಾಲೆಗಳು, 1,88,650 ಮಕ್ಕಳು. ಅರವತ್ತೇಳು ಜನರಲ್ಲಿ ಒಬ್ಬ. ಮನೆಯಲ್ಲೇ ಕಲಿಯುವವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಅಕ್ಷರ ತಿಳಿಯುತ್ತಿದೆಯೆಂದೂ, ಅದು ಯುರೋಪಿನ ಹಲವು ದೇಶಗಳ ಹಿಂದಿನ ಸ್ಥಿತಿಗಿಂತ ಮೇಲೆಂದೂ ಅವನು ಅಂದಾಜು ಮಾಡಿದನು. ಆ ವರ್ಷದ ಮಾರ್ಚಿ 10ರಂದು ತನ್ನ ಯೋಜನೆಯನ್ನು ಬರೆದನು.

ಯೋಜನೆಯ ಲೆಕ್ಕ ಸರಳ. ಪ್ರತಿಯೊಂದು ಜಿಲ್ಲೆಯಲ್ಲಿ ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ದೊಡ್ಡ ಶಾಲೆ, ಒಟ್ಟು ನಲವತ್ತು. ಉಪಾಧ್ಯಾಯರಿಗೆ ತಿಂಗಳಿಗೆ 15 ರೂಪಾಯಿ. ತಹಸೀಲ್ದಾರಿ ಶಾಲೆಗಳು ಮುನ್ನೂರು. ಉಪಾಧ್ಯಾಯರಿಗೆ 9 ರೂಪಾಯಿ. ಪುಸ್ತಕ ಅಚ್ಚು ಹಾಕಿಸುವುದಕ್ಕೂ ಉಪಾಧ್ಯಾಯರ ತರಬೇತಿಗೂ ಮದರಾಸಿನ ಪಠ್ಯಪುಸ್ತಕ ಸಂಘಕ್ಕೆ 700. ಎಲ್ಲ ಸೇರಿ ತಿಂಗಳಿಗೆ ನಾಲ್ಕು ಸಾವಿರ, ವರ್ಷಕ್ಕೆ ನಲವತ್ತೆಂಟು ಸಾವಿರ ರೂಪಾಯಿ. ಸರ್ಕಾರದ ಈ ಒಂಬತ್ತು ರೂಪಾಯಿಯೇ ಐಗಳ ಪೂರ್ತಿ ಆದಾಯವಾಗಬಾರದು, ಮಕ್ಕಳಿಂದ ಬರುವ ಫೀಜೂ ಸೇರಿ ಒಂದು ಮರ್ಯಾದೆಯ ಬದುಕಾಗಬೇಕು ಎಂಬುದು ಅವನ ಆಶಯ. ಇಲ್ಲೂ ಬಾವಿಯ ತರ್ಕವೇ. ಬಳಸುವವರೂ ಹೊಣೆ ಹೊರಬೇಕು. ಸರ್ಕಾರದ ಹಣ ತೆಳ್ಳಗಿದ್ದರೂ ತಪ್ಪದೆ ಬರಬೇಕು. ಕೋಟಿಗಟ್ಟಲೆ ಜನರಿದ್ದ ಪ್ರಾಂತಕ್ಕೆ ನಲವತ್ತೆಂಟು ಸಾವಿರ ಅತ್ಯಲ್ಪವೆಂದು ನನಗನ್ನಿಸುತ್ತದೆ. ಹೆಣ್ಣುಮಕ್ಕಳ ಮಾತು ಯೋಜನೆಯಲ್ಲಿ ಇಲ್ಲ. ಬಳ್ಳಾರಿಯ ಆ ಅರವತ್ತು ಹುಡುಗಿಯರನ್ನು ಎಣಿಸಿದ ಸರ್ಕಾರ ಅವರಿಗಾಗಿ ಏನನ್ನೂ ತೆಗೆದಿಡಲಿಲ್ಲ.

ಅವನು ಊರಿಗೆ ಮರಳಬೇಕೆಂದು ಕೆಲವು ವರ್ಷಗಳಿಂದ ಬಯಸುತ್ತಿದ್ದನು. ಬರ್ಮಾ ಯುದ್ಧ ತಡೆದು ನಿಲ್ಲಿಸಿತು. ಮಗುವಿನ ಅನಾರೋಗ್ಯದಿಂದಾಗಿ ಹೆಂಡತಿ 1826ರಲ್ಲೇ ಹಡಗು ಹತ್ತಿದ್ದಳು. ಹೊರಡುವ ಮುನ್ನ ಹಳೆಯ ಸೀಮೆಯನ್ನು ಕೊನೆಯದಾಗಿ ಕಂಡು ಬರುವೆನೆಂದು 1827ರ ಮೇ ಕೊನೆಯಲ್ಲಿ ಮದರಾಸಿನಿಂದ ಹೊರಟನು. ದಾರಿಯಲ್ಲಿ ಪರಿವಾರದವರಿಗೆ ಕಾಲರಾ ತಗುಲಿತು. ಜುಲೈ 6ರ ಬೆಳಿಗ್ಗೆ ಪತ್ತಿಕೊಂಡದ ಬಿಡಾರದಲ್ಲಿ ಅವನಿಗೂ ತಗುಲಿತು. ಅಂದು ರಾತ್ರಿಯೇ ತೀರಿಕೊಂಡನು. ಮಾರನೆಯ ದಿನ ಗುತ್ತಿಯ ಬೆಟ್ಟದ ಬುಡದಲ್ಲಿ ಮಣ್ಣು ಮಾಡಿದರು. ಅರವತ್ತಾರು ವರ್ಷದ ಬದುಕು.

ಶಾಲೆಗಳ ಯೋಜನೆಗೆ ಲಂಡನ್ನಿನ ಒಪ್ಪಿಗೆ ಬಂದದ್ದು ಮರುವರ್ಷ. ಮುನ್ನೂರು ಎಂದಿದ್ದ ತಹಸೀಲ್ದಾರಿ ಶಾಲೆಗಳು ಎಂದೂ ಮುನ್ನೂರಾಗಲಿಲ್ಲ. ಉಪಾಧ್ಯಾಯರನ್ನು ಸರಿಯಾಗಿ ಆರಿಸಲಿಲ್ಲ, ಮೇಲ್ವಿಚಾರಣೆ ಇರಲಿಲ್ಲ. ಸರ್ಕಾರದ ಒಲವು ಇಂಗ್ಲಿಷಿನ ಕಡೆಗೆ ಹೊರಳಿತು. 1836ರಲ್ಲಿ ಅವನ್ನು ಮುಚ್ಚಿದರು. ಒಂಬತ್ತು ರೂಪಾಯಿ ನಿಂತಿತು. ಕೂಲಿಮಠಗಳು ಮತ್ತೆ ಕಾಲು ರೂಪಾಯಿ, ಅರ್ಧ ರೂಪಾಯಿಗಳ ಮೇಲೆ ನಡೆದವು.

ಜನ ಅವನನ್ನು ಬೇರೆ ರೀತಿಯಲ್ಲಿ ಇರಿಸಿಕೊಂಡರು. ದತ್ತಮಂಡಲದ ಹಳ್ಳಿಗಳಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದ ಸಂಗತಿ ಜಿಲ್ಲೆಯ ಗೆಜೆಟಿಯರುಗಳಲ್ಲಿ ದಾಖಲಾಗಿದೆ. ಗ್ಲಾಸ್ಗೋದ ಕುಲನಾಮಕ್ಕೆ ನಮ್ಮ ಅಪ್ಪ ಸೇರಿಕೊಂಡ ಈ ಪದವನ್ನು ಭಾಷಾವಿಜ್ಞಾನದ ಪತ್ರಿಕೆ ತೆಗೆದುಕೊಂಡವರು ಗುರುತು ಹಾಕಿಕೊಳ್ಳಲಿ. ಆ ಕಡೆಯಿಂದ ಬಂದ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಹಿರಿಯರನ್ನು ವಿಚಾರಿಸಿದರೆ ಒಂದೆರಡು ಮನೆಯ ವಂಶಾವಳಿಯಲ್ಲಿ ಈ ಹೆಸರು ಸಿಕ್ಕೀತು.

ಮದರಾಸಿನವರು ಚಂದಾ ಎತ್ತಿ ಷಾಂಟ್ರಿ ಎಂಬ ಶಿಲ್ಪಿಯಿಂದ ಕಂಚಿನ ಪ್ರತಿಮೆ ಮಾಡಿಸಿ 1839ರಲ್ಲಿ ನಿಲ್ಲಿಸಿದರು. ಜೀನು, ರಿಕಾಪು ಇಲ್ಲದ ಕುದುರೆಯ ಮೇಲೆ ಅವನು ಇಂದಿಗೂ ಕುಳಿತಿದ್ದಾನೆ. ಗುತ್ತಿಯಲ್ಲಿ ಅವನ ಹೆಸರಿನಲ್ಲಿ ದಾರಿಹೋಕರಿಗೆ ಛತ್ರವಾಯಿತು. ಪತ್ತಿಕೊಂಡದಲ್ಲಿ, ಅವನು ಸತ್ತ ಸ್ಥಳದಲ್ಲಿ, ಸರ್ಕಾರ ಹುಣಿಸೆಯ ತೋಪು ಬೆಳೆಸಿ ಕಲ್ಲು ಕಟ್ಟಿದ ಬಾವಿಯೊಂದನ್ನು ತೋಡಿಸಿತು. 1831ರಲ್ಲಿ ಗುತ್ತಿಯ ಗೋರಿಯಿಂದ ಅವನ ಅವಶೇಷಗಳನ್ನು ತೆಗೆದು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಬಾವಿ ಪತ್ತಿಕೊಂಡದವರಿಗೆ ಉಳಿಯಿತು.